ಹಿಮದಂಚಿನ ಜೇಡ

ಟರಾಂಟುಲಾ ಎಂದೊಡನೆ ಮನಸ್ಸು ಅಮೆಜಾನಿನ ಬೇಗೆಯ ಕಾಡಿಗೆ ಓಡುತ್ತದೆ. ಆ ಕಾಡನ್ನು ಕೆಳಗೆ ಬಿಟ್ಟು ಪೆರುವಿನ ಆಂಡಿಸ್ ಪರ್ವತ ಏರುತ್ತ ಹೋದರೆ ಮರಗಳು ಮುಗಿಯುತ್ತವೆ, ಪೊದೆಗಳೂ ಮುಗಿಯುತ್ತವೆ, ಒರಟು ಹುಲ್ಲು ಮತ್ತು ಬಂಡೆಗಳಷ್ಟೇ ಉಳಿಯುತ್ತವೆ. 4,000 ಮೀಟರ್ ದಾಟಿದ ಆ ಬಯಲಲ್ಲೂ ಮೈತುಂಬ ರೋಮ ಹೊತ್ತ ಜೇಡವೊಂದು ಸಂಸಾರ ಹೂಡಿದೆ. ಹಪಲೊಟ್ರಿಮಸ್ ಎಂಬ ಈ ಕುಲಕ್ಕೆ ಫ್ರಾನ್ಸಿನ ಯೂಜೀನ್ ಸಿಮೋನ್ 1903ರಲ್ಲೇ ಹೆಸರಿಟ್ಟರು. 2018ರಲ್ಲಿ ಅದಕ್ಕೆ ಏಳು ಹೊಸ ಪ್ರಭೇದಗಳು ಸೇರಿದವು. ಇಡೀ ಟರಾಂಟುಲಾ ಕುಟುಂಬದಲ್ಲೇ ಅತಿ ಎತ್ತರದ ನೆಲೆಯ ದಾಖಲೆಯೂ ಆಗಲೇ ಬಂತು.

ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಶೇ. 60ರಷ್ಟು. ಹಗಲಿನ ಬಿಸಿಲು ಚರ್ಮ ಸುಡುತ್ತದೆ, ಇರುಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಜೇಡಕ್ಕೋ ಸ್ವಂತದ ಮೈಬಿಸಿ ಇಲ್ಲ. ಅದರ ನೀಲಿ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಆಮ್ಲಜನಕವನ್ನು ಹೊರುತ್ತದೆ. ಕಾಲು ಮಡಚಲು ಸ್ನಾಯುಗಳಿವೆ. ಮುಖ್ಯ ಕೀಲುಗಳನ್ನು ಚಾಚುವುದು ಮಾತ್ರ ಆ ರಕ್ತದ ಒತ್ತಡದ ಕೆಲಸ. ಚಳಿ ಏರಿದಷ್ಟೂ ನಡಿಗೆ ನಿಧಾನ. ಹಾಗಿದ್ದೂ ಅದು ಬೆಚ್ಚನೆಯ ಕಣಿವೆಗೆ ಇಳಿದು ಹೋಗದೆ, ಕಲ್ಲಿನಡಿಯ ಒಂದು ಗೇಣು ಮಣ್ಣನ್ನು ನಂಬಿ ಅಲ್ಲೇ ಉಳಿದಿದೆ. ಈ ಪಟ್ಟು ನನ್ನನ್ನು ಮತ್ತೆ ಮತ್ತೆ ಬೆರಗಾಗಿಸುತ್ತದೆ.

ಬೆರಗು ಹುಟ್ಟಿದ ಕಡೆ ಸಾಕುವ ಆಸೆಯೂ ಹುಟ್ಟುತ್ತದೆ. ಚಿಲಿಯ ಗುಲಾಬಿ ಟರಾಂಟುಲಾ ಎಷ್ಟೋ ಹವ್ಯಾಸಿಗಳ ಮೊದಲ ಜೇಡವಾಯಿತು. ಈಗ ಚಿಲಿ, ಅರ್ಜೆಂಟೀನಾಗಳ ಬೆಟ್ಟಸಾಲಿನ ಯುವಾಥ್ಲಸ್, ಫ್ರಿಕ್ಸೊಟ್ರೈಕಸ್ ಕುಲಗಳ ಪುಟ್ಟ, ಸೌಮ್ಯ ಜೇಡಗಳತ್ತ ಕಣ್ಣು ಹೊರಳಿದೆ. ಕಾಡಿನ ಜೇಡಕ್ಕೆ ಒಗ್ಗುವ ಬಿಸಿ ತೇವದಲ್ಲೇ ಇವನ್ನೂ ಇಟ್ಟರೆ ಇವು ಸೊರಗುತ್ತವೆ. ಇವಕ್ಕೆ ತಂಪು ಇರುಳು ಬೇಕು, ಚಳಿಗಾಲದ ಬಿಡುವು ಬೇಕು. ಅದೂ ದಕ್ಷಿಣಾರ್ಧಗೋಳದ ಚಳಿಗಾಲ: ನಮ್ಮ ಜೂನ್, ಜುಲೈ. ತಿಂಗಳುಗಟ್ಟಲೆ ಉಣ್ಣದೆ ಕುಳಿತ ಜೇಡವನ್ನು ನೋಡಿ ಗಾಬರಿಯಾಗದೆ ಸುಮ್ಮನಿರಬಲ್ಲವನಷ್ಟೇ ಅದನ್ನು ಸಾಕಲು ತಕ್ಕವನು.

ನನ್ನನ್ನು ಕಾಡುವುದು ಹೆಣ್ಣು ಜೇಡದ ಆಯುಷ್ಯ. ಗಂಡು ಪ್ರೌಢವಾದ ಮೇಲೆ ಹೆಚ್ಚು ದಿನ ಬದುಕದು. ಹೆಣ್ಣು ಬೆಳೆಯಲು ವರ್ಷಗಳೇ ಬೇಕು, ಬೆಳೆದ ಮೇಲೆ ವರ್ಷಗಟ್ಟಲೆ ಒಂದೇ ಬಿಲದಲ್ಲಿ ಬಾಳುತ್ತದೆ. ಅಂಥದ್ದೊಂದನ್ನು ಕಲ್ಲೆತ್ತಿ ಒಯ್ದರೆ ಆ ಜಾಗ ತುಂಬಿಕೊಳ್ಳಲು ಎಷ್ಟು ಕಾಲ ಹಿಡಿದೀತು? ಹೊಸ ಪ್ರಭೇದ ಸಿಕ್ಕಾಗ ಅದರ ನಿಖರ ತಾಣವನ್ನು ಕೆಲವು ವಿಜ್ಞಾನಿಗಳು ಮುಚ್ಚಿಡುವುದು ಇದೇ ಅಂಜಿಕೆಯಿಂದ.

ಮನೆಯಲ್ಲಿ ಮರಿ ಮಾಡಿಸಿದರೆ ತಳಿ ಉಳಿಯಿತಲ್ಲ ಎನ್ನುವವರಿದ್ದಾರೆ. ಆಂಧ್ರದ ಗುತ್ತಿಯ ಹೆಸರು ಹೊತ್ತ ನೀಲಿ ಜೇಡವನ್ನು ನೋಡಿ. 1899ರಲ್ಲಿ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಅದನ್ನು ಲೋಕಕ್ಕೆ ಪರಿಚಯಿಸಿದರು. ಇಂದು ಯುರೋಪ್, ಅಮೆರಿಕಗಳ ಗಾಜಿನ ಪೆಟ್ಟಿಗೆಗಳಲ್ಲಿ ಅದರ ಮರಿಗಳು ಹುಟ್ಟುತ್ತಲೇ ಇವೆ. ಅದರ ಕಾಡು ಮಾತ್ರ ಕುಗ್ಗಿದೆ, ತವರಿನಲ್ಲಿ ಅದು ಅಳಿವಿನ ಅಂಚಿನಲ್ಲಿದೆ. 2019ರಲ್ಲಿ ಅದರ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಪೆಟ್ಟಿಗೆಯಲ್ಲಿ ಹೆಚ್ಚಿದ ಜೇಡ ಬೆಟ್ಟಕ್ಕೆ ಮರಳುವುದಿಲ್ಲ.

ಸಾಕುವುದೇ ತಪ್ಪೆಂದು ನಾನು ಹೇಳಲಾರೆ. ಈ ಜೀವಿಗಳ ಬದುಕಿನ ಎಷ್ಟೋ ವಿವರ ಶ್ರದ್ಧೆಯಿಂದ ಸಾಕಿದವರಿಂದಲೇ ತಿಳಿದಿದೆ. ವಿದೇಶದಲ್ಲಿರುವ ಕನ್ನಡಿಗರಲ್ಲೂ ಈ ಹವ್ಯಾಸವುಳ್ಳವರು ಇದ್ದರೆ ನನ್ನ ಕೋರಿಕೆ ಇಷ್ಟೆ: ಕೊಳ್ಳುವ ಮುನ್ನ ಈ ಮರಿ ಯಾರ ಮನೆಯಲ್ಲಿ, ಯಾವ ತಾಯಿಗೆ ಹುಟ್ಟಿತು ಎಂದು ಕೇಳಿ. ಮಾರುವವರ ಉತ್ತರ ತಡವರಿಸಿದರೆ ಕೊಳ್ಳಬೇಡಿ.