ದೂರ ಎಲ್ಲಾದರೂ ಉಂಟಾ?

ಕುಡಿತ ಬಿಡಿಸುವ ಜಾಗ ಹುಡುಕಲು ಹೊರಟ ದಕ್ಷಿಣ ಕನ್ನಡದ ಪೆರಾಬೆ ಕಡೆಯ ಮನೆಯವರು ಮೊದಲು ಕೇಳುವುದು ಒಳ್ಳೆಯ ಜಾಗವನ್ನಲ್ಲ, ದೂರದ ಜಾಗವನ್ನು. “ಇಲ್ಲಿ ಹತ್ತಿರ ಬೇಡ, ದೂರ ಎಲ್ಲಾದರೂ ಉಂಟಾ?” ಗುರುತಿನವರು ಕಂಡರೆ ಎಂಬ ಹೆದರಿಕೆ. ಆದರೆ ಆ ಮನೆಯವನು ಕುಡಿಯುವುದು ಊರಿಗೆಲ್ಲ ಗೊತ್ತು. ರಿಕ್ಷಾದವನು ಎತ್ತಿ ತಂದು ಅಂಗಳದಲ್ಲಿ ಇಳಿಸಿ ಹೋದದ್ದನ್ನು ನೆರೆಮನೆಯವರೆಲ್ಲ ನೋಡಿದ್ದಾರೆ. ಕುಡಿತಕ್ಕಿಲ್ಲದ ಮುಚ್ಚುಮರೆ ಚಿಕಿತ್ಸೆಗೆ ಯಾಕೆ?

ಈ ಮುಚ್ಚುಮರೆಯ ಇನ್ನೊಂದು ರೂಪ, ಸಾರಿನಲ್ಲಿ ಗೊತ್ತಾಗದಂತೆ ಬೆರೆಸುವ ಮದ್ದು. ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿದ್ದಾಗ ಮದ್ಯ ಬಿದ್ದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು, ಜೀವಕ್ಕೇ ಅಪಾಯವಾದೀತು. ತಿಳಿದು ತಾನೇ ನುಂಗಿದರೆ ಅದು ಔಷಧ. ತಿಳಿಯದಂತೆ ತಿನ್ನಿಸಿದರೆ, ಪ್ರೀತಿಯಿಂದಲೇ ಆದರೂ, ಮೋಸ.

ಕುಡಿತ ಅಂಟಿದ, ಅಡಿಕೆ ಮರ ಏರುವವನನ್ನು ಬೆಳಿಗ್ಗೆ ಆರು ಗಂಟೆಗೆ ನೋಡಬೇಕು. ಚಾ ಲೋಟ ಹಿಡಿದರೆ ತುಳುಕುತ್ತದೆ. ಮಳೆಗಾಲದಲ್ಲಿ, ಕೊಳೆರೋಗಕ್ಕೆ ಮದ್ದು ಬಿಡುವ ದಿನ, ಆ ನಡುಕದ ಕೈಯಲ್ಲಿ ಜಾರುವ ಮರ ಹಿಡಿಯಲಾಗದು. ಹಾಗಾಗಿ ಒಂದು ಗುಟುಕು ಹಾಕುತ್ತಾನೆ, ಕೈ ನಿಲ್ಲುತ್ತದೆ, ಏರುತ್ತಾನೆ. ಇವನಿಗೆ ‘ಮನಸ್ಸು ಗಟ್ಟಿ ಮಾಡು’ ಎನ್ನುವ ಉಪದೇಶ ಸುಲಭ. ಆದರೆ ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು. ಡಾಕ್ಟರ ಕಣ್ಗಾವಲಿನಲ್ಲಿ, ಮಾತ್ರೆಯ ಆಸರೆಯಲ್ಲಿ ದಾಟಬೇಕಾದ ದಿನಗಳು ಅವು.

ನಮ್ಮ ಜಿಲ್ಲೆಯ ಮಟ್ಟಿಗೆ ಹತ್ತಿರದ ದಾರಿಗಳು ಇಲ್ಲದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾದದ್ದು. ಅದರ ಜೊತೆಗೆ ಕೆಲಸ ಮಾಡುವ ಜನಜಾಗೃತಿ ವೇದಿಕೆ ಹಳ್ಳಿ ಹಳ್ಳಿಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಉಜಿರೆ ಸಮೀಪದ ಲಾಯಿಲದಲ್ಲಿ ಕಾಯಂ ವ್ಯಸನಮುಕ್ತಿ ಕೇಂದ್ರವೇ ಇದೆ. ಶಿಬಿರದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅಲ್ಲಿಯ ಭಾಷಣಗಳಲ್ಲ, ಊರವರೇ ಸಮಿತಿ ಮಾಡಿಕೊಂಡು ಅಕ್ಕಿ, ತೆಂಗಿನಕಾಯಿ ಒಟ್ಟುಮಾಡಿ ಬಡಿಸುವ ಊಟ. ನಿನ್ನೆಯವರೆಗೆ ‘ಕುಡುಕ’ ಎಂದವರೇ ಇವತ್ತು ಅವನ ಬಾಳೆಲೆಗೆ ಗಂಜಿಗೆ ನಂಜಿಕೊಳ್ಳಲು ಚಟ್ನಿ ಹಾಕುತ್ತಾರೆ. ದೂರದ ಊರಿನಲ್ಲಿ ಇದು ಸಿಗದು. ಹಾಗೆಂದು ಶಿಬಿರವೇ ಎಲ್ಲರಿಗೂ ಸಾಕೆಂದೂ ಅಲ್ಲ. ಲಿವರ್ ಕೆಟ್ಟವನಿಗೆ ಮೊದಲು ವೈದ್ಯರು ಬೇಕು, ಗಾಂಜಾ, ಎಂಡಿಎಂಎ ಎಂದು ದಾರಿ ತಪ್ಪಿದ ಹುಡುಗನಿಗೆ ಮನೋವೈದ್ಯರು ಬೇಕು. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದೆ, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ.

ಖಾಸಗಿ ಕೇಂದ್ರವಾದರೆ, ಹಣ ಕಟ್ಟುವ ಮೊದಲು ಒಳಗೆ ಹೋಗಿ ನೋಡಿ. ಡಾಕ್ಟರು ಬರುತ್ತಾರೋ, ಹೆಸರು ಮಾತ್ರ ಬೋರ್ಡಿನಲ್ಲಿದೆಯೋ? ಮನೆಯವರೊಡನೆ ಮಾತಾಡಲು ಬಿಡುತ್ತಾರೋ? 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನದಿಂದ ಬರುವ ಮಾನಸಿಕ ತೊಂದರೆಯನ್ನೂ ಒಳಗೊಂಡಿದೆ, ಇಂಥ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರ ನೋಂದಣಿಯಾಗಿರಬೇಕು ಎನ್ನುತ್ತದೆ. ಬಾಗಿಲಿಗೆ ಬೀಗ ಜಡಿದು, ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವ ಕಡೆ ಕುಡಿತ ಬಿಟ್ಟರೂ ಮನುಷ್ಯ ಮರಳಿ ಸಿಗುವುದು ಸಂಶಯ.

ಶಿಬಿರಕ್ಕೆ ಹೋದವನು ಒಂಬತ್ತನೆಯ ದಿನ ಮನೆಗೆ ಬರುತ್ತಾನೆ. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಯ ಸಭೆ ಮುಂದೆಂದೋ. ಅದಕ್ಕೂ ಮೊದಲೇ ನೆರೆಮನೆಯಲ್ಲಿ ಮದುವೆಯ ಮೆಹಂದಿ. ನಮ್ಮಲ್ಲಿ ಈಗ ಮೆಹಂದಿ ರಾತ್ರಿಯೆಂದರೆ ಹಿತ್ತಿಲಲ್ಲಿ ಬಾಟಲಿ ಇರಲೇಬೇಕು. “ಇವತ್ತೊಂದು ದಿನ, ಏನಾಗುವುದಿಲ್ಲ ಮಾರಾಯ” ಎಂದು ಗ್ಲಾಸು ನೀಡುವವನು ಶತ್ರುವಲ್ಲ, ಎಂಟು ದಿನ ಶಿಬಿರದಲ್ಲಿ ಬಡಿಸಿದವನೂ ಆಗಿರಬಹುದು. ಅದಕ್ಕೇ ಕೇಂದ್ರ ಹುಡುಕುವ ಮನೆಯವರು ಆ ಮೆಹಂದಿ ಮನೆಯ ಯಜಮಾನನ ಹತ್ತಿರವೂ ಮುಂಚಿತವಾಗಿ ಒಂದು ಮಾತು ಹೇಳಿ ಬರುವುದು ಒಳ್ಳೆಯದು.