ನೊರೆಯ ಸಾಕ್ಷಿ

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಹೊಸದಾಗಿ ಬಂದ ಮನೆಯಲ್ಲಿ ಒಂದು ಅಸಮಾಧಾನವೂ ಜೊತೆಗೇ ಬರುತ್ತದೆ. ಗಾಜಿನ ಬಾಗಿಲಿನ ಆಚೆ ಬಟ್ಟೆ ಹೊರಳಾಡುತ್ತಿದೆ, ಆದರೆ ನೀರೇ ಕಾಣುವುದಿಲ್ಲ, ನೊರೆಯಂತೂ ಹೆಸರಿಗಷ್ಟೇ. ಇದರಲ್ಲಿ ಕೊಳೆ ಹೋಗುವುದುಂಟೇ ಎಂದು ಯಾರಾದರೊಬ್ಬರು ಟ್ರೇ ಎಳೆದು ಇನ್ನೆರಡು ಚಮಚ ಪೌಡರ್ ಸುರಿಯುತ್ತಾರೆ. ಬಕೆಟ್ಟಿನಲ್ಲಿ ನೆನೆಹಾಕಲು ತಂದ ಅಗ್ಗದ ಪುಡಿ ಕೈಗೆ ಸಿಕ್ಕರೆ ಅದನ್ನೇ. ನೊರೆ ಉಕ್ಕುತ್ತದೆ, ಮನಸ್ಸು ತಣ್ಣಗಾಗುತ್ತದೆ.

ಬಟ್ಟೆಯ ಗತಿ ಬೇರೆ. ಈ ಮೆಷಿನ್ ಬಟ್ಟೆಯನ್ನು ಮೇಲಕ್ಕೆತ್ತಿ ಕೆಡವುತ್ತದೆ. ಆ ಬೀಳುವ ಪೆಟ್ಟೇ ಅದರ ಒಗೆತ. ನೊರೆ ತುಂಬಿದರೆ ಬಟ್ಟೆ ಹಾಸಿಗೆಯ ಮೇಲೆ ಬಿದ್ದ ಹಾಗೆ ಬೀಳುತ್ತದೆ, ಪೆಟ್ಟು ತಾಗುವುದಿಲ್ಲ. ಅದಕ್ಕೇ ಈ ಮೆಷಿನ್‌ಗೆಂದು ಮಾಡುವ ಪುಡಿಯಲ್ಲಿ ನೊರೆ ಅಡಗಿಸುವ ಸಿಲಿಕೋನ್‌ನಂಥ ವಸ್ತುವನ್ನು ಚೂರೇ ಚೂರು ಬೆರೆಸಿರುತ್ತಾರೆ. ಕೊಳೆ ಕೀಳುವ ಕೆಲಸ ನೊರೆಯದ್ದಲ್ಲ. ಒಂದು ತುದಿಯಲ್ಲಿ ನೀರನ್ನೂ ಇನ್ನೊಂದು ತುದಿಯಲ್ಲಿ ಜಿಡ್ಡನ್ನೂ ಹಿಡಿಯುವ ಅಣುಗಳು, ರಕ್ತ ಬೆವರಿನ ಕಲೆಯನ್ನು ಕತ್ತರಿಸುವ ಕಿಣ್ವಗಳು ಸದ್ದಿಲ್ಲದೆ ಅದನ್ನು ಮಾಡುತ್ತವೆ. ಜರ್ಮನಿಯ ಒಟ್ಟೊ ರೋಮ್ 1913ರ ಸುಮಾರಿಗೆ ಇಂಥ ಮೊದಲ ಪುಡಿಗೆ ಬಳಸಿದ್ದು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವವನ್ನು. ಅದು ಆಗಲೇ ನಮ್ಮ ಅಗ್ರಹಾರಗಳಿಗೆ ಬಂದಿದ್ದರೆ ಎಂಥ ಚರ್ಚೆ ಎದ್ದಿರುತ್ತಿತ್ತೋ! ಇಂದಿನ ಕಿಣ್ವಗಳು ಬಹುಪಾಲು ಸೂಕ್ಷ್ಮಜೀವಿಗಳಿಂದ ಬಂದವು.

ಹಾಗೆಂದು ನೊರೆಯ ನಂಬಿಕೆಯನ್ನು ಮೂಢತನವೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಬಾರ್ ಸೋಪಿನ ಕಾಲದಲ್ಲಿ ಅದು ನಿಜವಾದ ಸಾಕ್ಷಿಯೇ ಆಗಿತ್ತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲು ಸೋಪನ್ನು ತಿಂದುಹಾಕುತ್ತವೆ. ಜಿಡ್ಡೂ ತನ್ನ ಪಾಲು ಕೇಳುತ್ತದೆ. ಎರಡೂ ತಣಿದ ಮೇಲೆ ಸೋಪು ಮಿಕ್ಕರೆ ಮಾತ್ರ ನೊರೆ. ಕೊಳವೆಬಾವಿಯ ನೀರಿನಲ್ಲಿ ಬಟ್ಟೆ ಉಜ್ಜಿದವರಿಗೆಲ್ಲ ಇದು ಕೈಯಾರೆ ಗೊತ್ತು.

ನ್ಯಾಯಶಾಸ್ತ್ರದವರು ಈ ಬಗೆಯ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕೇ? ಇಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಲು ಹಸಿ ಸೌದೆ ಬೇಕು. ಆ ಹಸಿ ಸೌದೆಯನ್ನು ಅವರು ಉಪಾಧಿ ಎಂದರು. ಶುಚಿಗೂ ನೊರೆಗೂ ನಡುವೆ ಇದ್ದ ಉಪಾಧಿ ಹಳೆಯ ಸೋಪು. ಸೋಪು ಹೋಗಿ ಪುಡಿ ಬಂತು, ಅನುಮಾನದ ಆಧಾರ ಕುಸಿಯಿತು, ನಂಬಿಕೆ ಮಾತ್ರ ಉಳಿಯಿತು. ಜಾಹೀರಾತುಗಳು ಅದನ್ನು ಆರಲು ಬಿಡಲಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಬಟ್ಟೆ ಶುದ್ಧವಾಯಿತೆನ್ನಲು ಪ್ರಮಾಣ ಯಾವುದು? ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಇದಕ್ಕೊಂದು ಪಟ್ಟಿಯೇ ಇದೆ: ರೇಷ್ಮೆಗೂ ಉಣ್ಣೆಗೂ ಚೌಳು ಮಣ್ಣು, ಕಂಬಳಿಗೆ ಅಂಟವಾಳ, ನಾರುಬಟ್ಟೆಗೆ ಬಿಳಿ ಸಾಸಿವೆ. ಅಂಟವಾಳ ನೊರೆ ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಗ್ರಂಥಕ್ಕೆ ಆ ವ್ಯತ್ಯಾಸದ ಪರಿವೆ ಇಲ್ಲ. ಅದರ ಅಳತೆಗೋಲು ವಾಸನೆ ಮತ್ತು ಲೇಪ. ಇವೆರಡೂ ಹೋಗುವವರೆಗೆ ಮಣ್ಣು ನೀರು ಬಳಸಬೇಕು. ಅಲ್ಲೇ ಮುಂದೆ, ದೋಷ ಕಣ್ಣಿಗೆ ಬೀಳದಿದ್ದರೆ ಅದೂ ಶುದ್ಧವೇ ಎಂಬ ಉದಾರ ವಿನಾಯಿತಿಯೂ ಇದೆ. ಸಂಸಾರ ನಡೆಸಬೇಕಾದವರಿಗೆ ಇದು ವಿವೇಕ. ಜಾಣ ಕಣ್ಣುಮುಚ್ಚಾಲೆ ಎಂದರೂ ತಪ್ಪಿಲ್ಲ.

ಮಡಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಮಡಿಗೆ ಸೋಪೂ ಬೇಡ, ಪುಡಿಯೂ ಬೇಡ. ಬರೀ ನೀರಿನಲ್ಲಿ ಅದ್ದಿ ಹಿಂಡಿ, ಕೋಲಿನಿಂದ ಎತ್ತರದ ಗಳುವಿನ ಮೇಲೆ ಹರವಿ, ಯಾರೂ ಮುಟ್ಟದಂತೆ ಒಣಗಿಸಿದರೆ ಸಾಕು. ಉಬ್ಬೆಗೆ ಹಾಕಿ, ಕಲ್ಲಿಗೆ ಬಡಿದು ಬೆಳ್ಳಗೆ ಮಾಡಿ ತಂದ ಅಗಸರ ಬಟ್ಟೆಯನ್ನು ಮಾತ್ರ ಮತ್ತೆ ನೀರಿಗೆ ಅದ್ದದೆ ಉಡುತ್ತಿರಲಿಲ್ಲ. ಅಲ್ಲಿ ತೊಳೆಯಬೇಕಾಗಿದ್ದದ್ದು ಕೊಳೆಯಲ್ಲ, ಒಗೆದವರ ಕೈ. 12ನೇ ಶತಮಾನದ ಮಡಿವಾಳ ಮಾಚಯ್ಯ ಇದನ್ನೇ ತಿರುಗುಮುರುಗು ಮಾಡಿದ: ಶರಣರ ಬಟ್ಟೆಯನ್ನಷ್ಟೇ ಒಗೆಯುತ್ತೇನೆಂದು ಹೊರಟವನು ಎನ್ನುತ್ತವೆ ಅವನ ಕಥೆಗಳು. ಬಟ್ಟೆ ಒಗೆಯಲು ತಕ್ಕದ್ದೇ ಎಂದು ತೀರ್ಮಾನಿಸುವವನು ಉಡುವವನಲ್ಲ, ಒಗೆಯುವವನು. ಮೆಷಿನ್‌ಗೆ ಕೈಯಿಲ್ಲ, ಜಾತಿಯಿಲ್ಲ. ಸಂಪ್ರದಾಯದ ಎಷ್ಟೋ ಮನೆಗಳು ಅದನ್ನು ಹೆಚ್ಚು ಗಲಾಟೆಯಿಲ್ಲದೆ ಒಳಗೆ ಬಿಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಕರಾವಳಿಗೆ ಹೋದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿನ ಮುಸ್ಲಿಮರಲ್ಲಿ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿ ಪಂಥದವರು. ಆ ಪಂಥದ ಶಾಸ್ತ್ರದಲ್ಲಿ ಎರಡು ಕುಲ್ಲಾ, ಅಂದರೆ ಹೆಚ್ಚುಕಡಿಮೆ 200 ಲೀಟರಿಗಿಂತ ಕಡಿಮೆ ಇರುವ ನೀರು ‘ಅಲ್ಪ ಜಲ’. ಅಶುದ್ಧ ಬಟ್ಟೆಯನ್ನು ಅದರೊಳಗೆ ಹಾಕಿದರೆ ನೀರೇ ಕೆಡುತ್ತದೆ. ನೀರನ್ನು ಬಟ್ಟೆಯ ಮೇಲೆ ಸುರಿಯಬೇಕು. ಮಿತನೀರಿನ ಮೆಷಿನ್ ಒಂದು ಸಲಕ್ಕೆ ತೆಗೆದುಕೊಳ್ಳುವುದು ಆ 200ರ ಒಂದು ಸಣ್ಣ ಪಾಲು. ಆದರೆ ಫ್ರಂಟ್ ಲೋಡ್‌ನಲ್ಲಿ ಬಟ್ಟೆ ಮೊದಲು ಹೋಗುತ್ತದೆ, ನೀರು ಆಮೇಲೆ ಬರುತ್ತದೆ. ನಿಯಮಕ್ಕೆ ಅದು ಒಪ್ಪುವ ಕ್ರಮವೇ.

ಪುಡಿಯ ವಿಷಯದಲ್ಲಿ ಇದೇ ಶಾಸ್ತ್ರ ಇನ್ನೂ ಖಡಕ್ಕು. ಸೋಪು ಬೆರೆತು ಗುಣ ಬದಲಾದ ನೀರು ತಾನು ಶುದ್ಧವಾಗಿರಬಹುದು, ಇನ್ನೊಂದನ್ನು ಶುದ್ಧಗೊಳಿಸಲಾರದು. ಹೀಗಾಗಿ ಒಗೆತದ ನೊರೆನೀರು ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರುವುದು ಕೊನೆಯಲ್ಲಿ ಜಾಲಿಸುವ ಸಪ್ಪೆ ನೀರು. ಇನ್ನೊಂದು ಪಂಥದವರಾದ ಹನಫಿಗಳು ಕಣ್ಣಿಗೆ ಕಾಣದ ಅಶುದ್ಧಿಗೆ ಮೂರು ಸಲ ತೊಳೆದು ಪ್ರತಿ ಸಲವೂ ಹಿಂಡಬೇಕು ಎನ್ನುತ್ತಾರೆ. ಮಡಿಯ ಮುದುಕಿಯರೂ ಸಪ್ಪೆ ನೀರನ್ನೇ ನಂಬಿದ್ದವರು.

ಚಮಚ ಹೆಚ್ಚಿಸಿದಾಗ ಕೆಡುವುದು ಈ ಸಪ್ಪೆ ನೀರೇ. ಜಾಲಿಸಲು ಇರುವುದೇ ಅಷ್ಟು ನೀರು; ಪುಡಿ ಮೀರಿದರೆ ಕಡೆಯ ಸುತ್ತಿನಲ್ಲೂ ನೊರೆ ನಿಲ್ಲುತ್ತದೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಮೂಡುತ್ತದೆ, ಟವೆಲ್ ಮುಗ್ಗಲು ವಾಸನೆ ಹೊಡೆಯುತ್ತದೆ. ಮನುವಿನ ವಾಸನೆ, ಲೇಪ ಎರಡೂ ಹಾಜರ್. ಅನುಮಾನ ಇರುವವರು ಒಗೆದ ಟವೆಲ್‌ಗಳನ್ನು ಪುಡಿ ಹಾಕದೆ ಬಿಸಿನೀರಿನಲ್ಲಿ ಇನ್ನೊಮ್ಮೆ ಓಡಿಸಿ ನೋಡಬಹುದು. ಗಾಜಿನ ಮೇಲೆ ನೊರೆ ಎದ್ದರೆ ಅದು ಹಿಂದಿನ ಸಲದ ಪುಡಿ.

ಇದಕ್ಕೆ ಮೆಷಿನ್‌ನಲ್ಲೇ ಎಕ್ಸ್‌ಟ್ರಾ ರಿನ್ಸ್ ಎಂಬ ಬಟನ್ ಇದೆ. ಹೆಚ್ಚು ನೊರೆ ಕಂಡರೆ ಕೆಲವು ಮೆಷಿನ್‌ಗಳು ತಾವಾಗಿಯೇ ಇನ್ನಷ್ಟು ನೀರು ಎಳೆದುಕೊಳ್ಳುತ್ತವೆ. ಬೆಂಗಳೂರಿನಲ್ಲಾದರೆ ಆ ನೀರು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪ್ ಆಗಿ ಬಂದದ್ದು. ನೀರು ಉಳಿಸಲೆಂದು ದುಬಾರಿ ಮೆಷಿನ್ ತಂದು, ಎರಡು ಚಮಚದ ಸಮಾಧಾನಕ್ಕಾಗಿ ಉಳಿಸಿದ್ದನ್ನೆಲ್ಲ ಮತ್ತೆ ಚರಂಡಿಗೆ ಬಿಡುವ ಮನೆಗಳು ಕಡಿಮೆಯೇನಿಲ್ಲ.