ಇಂದಿನ ಧಮ್ಮಚಿಂತನೆ: ದಾರ ಎಷ್ಟು ಬಿಗಿ ಇರಬೇಕು?



ಈ ದಸರಾ ರಜೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ವಿಮಾನ ತಯಾರಾಯಿತು. ಹತ್ತನೇ ತರಗತಿಯ ಮಗಳಿಗೆ ಅವಳ ಸೋದರಮಾವ ತಂದುಕೊಟ್ಟ ಪ್ಲಾಸ್ಟಿಕ್ ಕಿಟ್ ಅದು. ಟೈಗರ್ ಮಾತ್ ಎಂಬ ಜೋಡಿ ರೆಕ್ಕೆಯ ತರಬೇತಿ ವಿಮಾನ. ನಿಜವಾದದ್ದು ಮೊದಲು ಹಾರಿದ್ದು 1931ರಲ್ಲಿ. ಕಿಟ್‌ನಲ್ಲಿರುವುದು ಅದರ 72ನೇ ಒಂದು ಪಾಲು, ರೆಕ್ಕೆಯ ಉದ್ದ ತುದಿಯಿಂದ ತುದಿಗೆ 12 ಸೆಂಟಿಮೀಟರ್ ಚಿಲ್ಲರೆ.

ಕಷ್ಟ ಶುರುವಾದದ್ದು ತಂತಿ ಕಟ್ಟುವಾಗ. ಎರಡು ರೆಕ್ಕೆಗಳ ನಡುವೆ ಕಂಬಗಳಿವೆ, ಆದರೆ ಕಂಬಗಳಿಂದಷ್ಟೇ ರೆಕ್ಕೆ ನಿಲ್ಲುವುದಿಲ್ಲ. ಕೆಳಗಿನ ರೆಕ್ಕೆಯ ಬುಡದಿಂದ ಹೊರಗಂಬದ ತಲೆಗೆ ಏರುವ ತಂತಿ, ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಹಿಡಿಯುತ್ತದೆ. ಮೇಲಿನ ರೆಕ್ಕೆಯ ನಡುವಿನಿಂದ ಹೊರಗಂಬದ ಕಾಲಿಗೆ ಇಳಿಯುವ ತಂತಿ, ನೆಲದ ಮೇಲೆ ನಿಂತಾಗ ರೆಕ್ಕೆ ಜೋತು ಬೀಳದಂತೆ ಹಿಡಿಯುತ್ತದೆ. ಎರಡೂ ಎದುರೆದುರು ಎಳೆಯುತ್ತವೆ, ಆ ಎಳೆತದಲ್ಲೇ ರೆಕ್ಕೆ ನೇರ ನಿಲ್ಲುತ್ತದೆ. ಆ ಕಾಲದಲ್ಲಿ ಈ ತಂತಿಗಳನ್ನು ಸಮ ಮಾಡುವುದಕ್ಕೇ ರಿಗ್ಗರ್ ಎಂಬ ಕೆಲಸಗಾರರಿದ್ದರು. ಹಾರಿದವನ ಹೆಸರು ಪುಸ್ತಕದಲ್ಲಿ ಬರುತ್ತದೆ, ತಂತಿ ಬಿಗಿದವನ ಹೆಸರು ಬರುವುದಿಲ್ಲ. ಇದು ನಮಗೆ ಹೊಸ ಸಂಗತಿಯೇನಲ್ಲ.

ಮಾದರಿಗೆ ತಂತಿಯ ಬದಲು ಮೀನು ಹಿಡಿಯುವ ನೈಲಾನ್ ದಾರ, 0.1 ಮಿಲಿಮೀಟರ್ ದಪ್ಪದ್ದು. ಮೇಲಿನ ರೆಕ್ಕೆ ಕೂಡಿಸುವ ಮೊದಲೇ ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದಿಟ್ಟುಕೊಳ್ಳಬೇಕು. ಆಮೇಲೆ ಕೊರೆಯಲು ಹೋದರೆ ಕೈ ಒಳಗೆ ಹೋಗುವುದಿಲ್ಲ. ದಾರದ ಒಂದು ತುದಿಗೆ ಸೂಜಿಮೊನೆಯಷ್ಟು ಫೆವಿಕ್ವಿಕ್, ಇನ್ನೊಂದು ತುದಿಯನ್ನು ಎದುರಿನ ತೂತಿನಲ್ಲಿ ತೂರಿಸಿ ಬಟ್ಟೆ ಕ್ಲಿಪ್ ನೇತುಹಾಕಬೇಕು. ಕ್ಲಿಪ್ಪಿನ ಭಾರವೇ ಸಾಕು. ಆಮೇಲೂ ದಾರ ಸ್ವಲ್ಪ ಸಡಿಲವಿದ್ದರೆ ಉರಿಯುವ ಊದುಬತ್ತಿಯನ್ನು ತಾಗಿಸದೆ ಹತ್ತಿರ ಹಿಡಿದರೆ ನೈಲಾನ್ ಮುದುಡಿ ಬಿಗಿಯಾಗುತ್ತದೆ. ತಾಗಿದರೆ ಕತ್ತರಿಸಿಯೇ ಹೋಗುತ್ತದೆ. (ವಂದನೆಗೆ ಇಟ್ಟಿದ್ದ ಕಟ್ಟು ಅರ್ಧ ಖಾಲಿಯಾಯಿತು.)

ಬಲಗಡೆಯ ದಾರ ಕಟ್ಟುತ್ತಿದ್ದಾಗ ನಾನು, "ಸಡಿಲ ಅದ, ಕೊಡಿಲ್ಲಿ" ಎಂದು ಅವಳ ಕೈಯಿಂದ ಕಸಿದು ಜಗ್ಗಿದೆ. ಚೆನ್ನಾಗಿಯೇ ಬಿಗಿಯಾಯಿತು. ಬೆಳಿಗ್ಗೆ ನೋಡಿದರೆ ಬಲರೆಕ್ಕೆ ತಿರುಚಿಕೊಂಡಿತ್ತು, ಒಂದು ಕಂಬ ಬುಡದಲ್ಲಿ ಕಿತ್ತಿತ್ತು. ಮಗಳು ಅಳಲಿಲ್ಲ. "ಗಣಿತದಾಗೂ ಹಿಂಗ ಮಾಡ್ತಿ ಅಪ್ಪಾ" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಜೂನ್‌ನಿಂದ ಅವಳನ್ನು ನಾಲ್ಕು ಗಂಟೆಗೆ ಎಬ್ಬಿಸುತ್ತಿದ್ದೇನೆ. ಬಾಬಾಸಾಹೇಬರು ದಿನಕ್ಕೆ ಹದಿನೆಂಟು ಗಂಟೆ ಓದುತ್ತಿದ್ದರು ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅವರು ಆಸೆಪಟ್ಟು ಪಿಟೀಲನ್ನೂ ಕಲಿತರು ಎಂಬುದನ್ನು ಯಾಕೋ ಹೇಳುವುದಿಲ್ಲ.

ಸೋಣ ಭಿಕ್ಕುವಿನ ಕಥೆ ನಿಮಗೆ ಗೊತ್ತಿದೆ. ಶ್ರೀಮಂತರ ಮನೆಯ ಹುಡುಗ, ರಾಜಗೃಹದ ಸೀತವನದಲ್ಲಿ ನಡೆದಾಡುತ್ತಾ ಸಾಧನೆ ಮಾಡಿ ಪಾದ ಒಡೆದು ನೆಲವೆಲ್ಲ ರಕ್ತವಾಯಿತು. ಇಷ್ಟಾದರೂ ಏನೂ ದಕ್ಕಲಿಲ್ಲ, ಮನೆಗೇ ಹೋಗಲೇ ಎಂದುಕೊಂಡ. ಭಗವಾನರು ಅವನಿಗೆ ಅವನದೇ ವೀಣೆಯನ್ನು ನೆನಪಿಸಿದರು. ತಂತಿ ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು. ಇದನ್ನು ಕೇಳಿ ಕೆಲವರು 'ಹಾಗಾದರೆ ಆರಾಮ ಇರೋಣ' ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಡಿಲ ತಂತಿಯ ವಿಮಾನದಲ್ಲಿ ಯಾರೂ ಹತ್ತಬಾರದು. ನಮ್ಮ ಮಕ್ಕಳಿಗಂತೂ ಜೋತುಬೀಳುವ ಅನುಕೂಲವಿಲ್ಲ. ಆದರೆ ಶ್ರುತಿ ಮಾಡುವವನು ತಂತಿಗೆ ಕಿವಿಗೊಡುತ್ತಾನೆ, ನಾನು ಜಗ್ಗುವುದನ್ನಷ್ಟೇ ಮಾಡುತ್ತಿದ್ದೆ.

ಕಥೆಯ ಮುಂದಿನ ಭಾಗವನ್ನು ನಾವು ಕಡಿಮೆ ಓದುತ್ತೇವೆ. ಮಹಾವಗ್ಗದಲ್ಲಿದೆ. ಆ ಒಡೆದ ಪಾದ ನೋಡಿ ಭಗವಾನರು ಸೋಣನಿಗೆ ಒಂದು ಪದರದ ಚಪ್ಪಲಿ ಮೆಟ್ಟಲು ಅನುಮತಿ ಕೊಟ್ಟರು. ಸೋಣ ತನಗೊಬ್ಬನಿಗೇ ಬೇಡ, ಇಡೀ ಸಂಘಕ್ಕೆ ಕೊಟ್ಟರೆ ನಾನೂ ಮೆಟ್ಟುತ್ತೇನೆ ಎಂದ. ಹಾಗೆ ಎಲ್ಲ ಭಿಕ್ಕುಗಳಿಗೂ ಚಪ್ಪಲಿ ಬಂತು.

ಚಪ್ಪಲಿ ಹೊಲಿದೇ ನನ್ನನ್ನು ಎಂ.ಎ.ವರೆಗೆ ಓದಿಸಿದವರು ನಮ್ಮಪ್ಪ. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು ಕೂಲಿ ಎಂದು ಬರೆಯುತ್ತಿದ್ದೆ. ಆ ದಿನ ಅವರು ಊರಿಂದ ಬಂದವರು ಮುರಿದ ರೆಕ್ಕೆ ನೋಡಿ ಮೊಮ್ಮಗಳ ಪಕ್ಕ ಕುಳಿತರು. "ಒಂದ ಕಡಿ ಜಗ್ಗಿದ್ರ ಹೊಲಿಗಿ ಸೊಟ್ಟ ಆಗ್ತದವ್ವ. ಈ ಕಡಿ ಒಂದ, ಆ ಕಡಿ ಒಂದ. ಎರಡೂ ಕೈ ಸಮ." ಕಣ್ಣು ಮಂಜಾಗಿದೆ, ತೂತು ಕಾಣುವುದಿಲ್ಲ. ಅವಳು ದಾರ ತೂರಿಸಿದಳು, ಅವರು ಬೆರಳಿನಿಂದ ಮೀಟಿ "ಹಾಂ, ಸಾಕು" ಎಂದರು. ಹಾಗೆ ಎಡಕ್ಕೊಂದು ಬಲಕ್ಕೊಂದು ಕಟ್ಟುತ್ತಾ ಸಂಜೆಗೆ ಮುಗಿಸಿದರು. ನನಗೆ ಊದುಬತ್ತಿ ಹಿಡಿಯುವ ಕೆಲಸ ಕೊಟ್ಟರು.

ವಿಮಾನ ಈಗ ಪುಸ್ತಕದ ಕಪಾಟಿನ ಮೇಲಿದೆ. ಬಾಲದ ಹತ್ತಿರ ಒಂದು ದಾರ ಇನ್ನೂ ತುಸು ಜೋಲು. ಮಗಳ ಅಲಾರಾಂ ಐದೂವರೆಗೆ ಬಂದಿದೆ, ಅವಳೇ ಇಟ್ಟುಕೊಂಡದ್ದು.

ಭಾನುವಾರದ ಓದಿಗೆ ಮಹಾವಗ್ಗದ ಚಪ್ಪಲಿಯ ಪ್ರಕರಣ ತೆಗೆದುಕೊಳ್ಳೋಣ. ಮನೆಯ ಹಿರಿಯರನ್ನೂ ಕರೆತನ್ನಿ.

ಜೈಭೀಮ್. ನಮೋ ಬುದ್ಧಾಯ.